ಭಾಗಿಸುವ ಸಂಖ್ಯೆಯೇ ಕಾಣೆಯಾದಾಗ: ಒಂದು ಭಿನ್ನರಾಶಿ ಲೆಕ್ಕದ ಪ್ರಕರಣ

ಲೆಕ್ಕ ಇದು:

3/4 ÷ □ = 5/8

ಬಾಕ್ಸಿನಲ್ಲಿ ಯಾವ ಸಂಖ್ಯೆ ಬರಬೇಕು? ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇದಕ್ಕೆ 15/32 ಎಂದು ಬರೆದಳು. ಬರೆದು, ಕೆಳಗೆ ಎರಡು ಗೆರೆ ಎಳೆದು, ಮುಂದಿನ ಲೆಕ್ಕಕ್ಕೆ ಹೋದಳು.

ನಾನು ಸಂಜೆ ಹೊತ್ತು ಕೆಲವು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈ ಹುಡುಗಿ ಅವರಲ್ಲಿ ಒಬ್ಬಳು. ಮಗ್ಗಿ ಚೆನ್ನಾಗಿ ಬರುತ್ತದೆ. ಭಿನ್ನರಾಶಿಗಳನ್ನು ಕೂಡುತ್ತಾಳೆ, ಕಳೆಯುತ್ತಾಳೆ, ಗುಣಿಸುತ್ತಾಳೆ, ಭಾಗಿಸುತ್ತಾಳೆ. 15/32 ಬಂದ ದಾರಿಯಲ್ಲೂ ಎಣಿಕೆಯ ತಪ್ಪು ಒಂದೂ ಇರಲಿಲ್ಲ. 3/4 ಮತ್ತು 5/8 ಅನ್ನು ಗುಣಿಸಿದ್ದಳು. ಮೂರೈದಲ ಹದಿನೈದು, ನಾಲ್ಕೆಂಟಲ ಮೂವತ್ತೆರಡು. ಎಲ್ಲ ಸರಿ. ಆದರೆ ಉತ್ತರ ತಪ್ಪು.

ಇಂಥ ತಪ್ಪನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ಪಕ್ಕದಲ್ಲಿ ಸರಿ ಉತ್ತರ ಬರೆದು ಮುಂದೆ ಹೋಗುವುದು ಸುಲಭ. ಆ ದಿನ ಹಾಗೆ ಮಾಡಲಿಲ್ಲ. ಮಾಡದೇ ಇದ್ದದ್ದು ಒಳ್ಳೆಯದಾಯಿತು. ಈ ತಪ್ಪು ಎಲ್ಲಿಂದ ಹುಟ್ಟಿತು, ಅದನ್ನು ಅವಳು ಹೇಗೆ ಬಿಡಿಸಿಕೊಂಡಳು ಎಂಬುದನ್ನು ನೋಡುತ್ತಾ ಹೋದಾಗ ನನಗೇ ಒಂದು ವಿಷಯ ಮೊದಲಿಗಿಂತ ಚೆನ್ನಾಗಿ ಅರ್ಥವಾಯಿತು. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ಹಿನ್ನೆಲೆ. ಈ ಲೆಕ್ಕಕ್ಕೆ ಮುಂಚೆ ಅವಳು ನಾಲ್ಕು ಲೆಕ್ಕ ಮಾಡಿದ್ದಳು. ನಾಲ್ಕೂ ಸರಿ. ನಾಲ್ಕನೆಯದು ಹೀಗಿತ್ತು:

□ ÷ 2/3 = 9/10

ಇದಕ್ಕೆ ಅವಳು 9/10 ಮತ್ತು 2/3 ಅನ್ನು ಗುಣಿಸಿದಳು. 18/30, ಅಂದರೆ 3/5. ಸರಿಯಾದ ಉತ್ತರ. ಪುಸ್ತಕದ ಅಂಚಿನಲ್ಲಿ ಅವಳು ಒಂದು ಸಾಲು ಬರೆದುಕೊಂಡಿದ್ದಳು: "÷ ಆ ಕಡೆ ಹೋದರೆ ×". ನಾಲ್ಕು ಲೆಕ್ಕಗಳಲ್ಲೂ ಆ ಸಾಲು ಕೈಬಿಡಲಿಲ್ಲ. ಐದನೆಯದರಲ್ಲೂ ಅದನ್ನೇ ನಂಬಿದಳು. ಭಾಗಾಕಾರ ಇದೆ, ಒಂದು ಸಂಖ್ಯೆ ಕಾಣೆಯಾಗಿದೆ, ಹಾಗಾದರೆ ಕಾಣುವ ಎರಡನ್ನು ಗುಣಿಸು. ಇದರಲ್ಲಿ ನನ್ನ ಪಾಲೂ ಇದೆ. ಒಂದೇ ಥರದ ನಾಲ್ಕು ಲೆಕ್ಕಗಳನ್ನು ಸಾಲಾಗಿ ಕೊಟ್ಟವಳು ನಾನೇ. ಬಾಕ್ಸು ಯಾವಾಗಲೂ ಮೊದಲ ಜಾಗದಲ್ಲೇ ಇತ್ತು. ಅದು ಜಾಗ ಬದಲಿಸಿದರೆ ಪ್ರಶ್ನೆಯೇ ಬದಲಾಗುತ್ತದೆ ಎಂದು ಅವಳಿಗೆ ಅನ್ನಿಸಲು ಕಾರಣವೇ ಇರಲಿಲ್ಲ.

"ತಾಳೆ ನೋಡಿದೆಯಾ?" ಎಂದು ಕೇಳಿದೆ.

"ಇಲ್ಲ ಮಿಸ್."

"ನೋಡು. ಬಾಕ್ಸಿನಲ್ಲಿ ನಿನ್ನ ಉತ್ತರ ಇಟ್ಟು ಭಾಗಿಸು. 5/8 ಬರಬೇಕು, ಅಲ್ವಾ?"

ಅವಳು ಬರೆದಳು:

3/4 ÷ 15/32 = 3/4 × 32/15 = 96/60 = 8/5

ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ, "ಮಿಸ್, ತಲೆಕೆಳಗಾಗಿ ಬಂದಿದೆ!" ಎಂದಳು.

ಹೌದು. 5/8 ಬರಬೇಕಿತ್ತು, 8/5 ಬಂತು. ತಪ್ಪು ಉತ್ತರವೊಂದು ಇಷ್ಟು ಅಂದವಾಗಿ ತಪ್ಪಾಗುವುದು ಅಪರೂಪ. ಇದು ಕಾಕತಾಳೀಯ ಅಲ್ಲ ಎಂದು ನನಗೆ ಅನ್ನಿಸಿತು. ಆದರೆ ಅವಳ ಮುಂದೆ ಅದನ್ನು ಹೇಳಲಿಲ್ಲ. ಅವಳೇ ಒಂದು ಹೆಜ್ಜೆ ಮುಂದೆ ಇಟ್ಟಿದ್ದಳು. "ಹಂಗಾದ್ರೆ ನನ್ನ ಉತ್ತರವನ್ನು ತಿರುಗಿಸಿಬಿಟ್ಟರೆ ಸರಿಹೋಗುತ್ತೆ" ಎಂದು 32/15 ಬರೆದಳು. ಒಳ್ಳೆಯ ಊಹೆ. ಬಂದದ್ದು ತಲೆಕೆಳಗಾಗಿದ್ದರೆ ಹಾಕಿದ್ದನ್ನು ತಲೆಕೆಳಗು ಮಾಡೋಣ ಎಂಬ ಯೋಚನೆ. ಈ ಸಲ ನಾನು ಹೇಳುವ ಮೊದಲೇ ತಾಳೆ ನೋಡಿದಳು.

3/4 ÷ 32/15 = 3/4 × 15/32 = 45/128

45/128. ಎಲ್ಲಿಯ 5/8, ಎಲ್ಲಿಯ 45/128! ಪೆನ್ಸಿಲ್ ಕೆಳಗಿಟ್ಟಳು. ಮುಖ ಸಣ್ಣದಾಯಿತು.

ಮಕ್ಕಳಿಗೆ ಭಿನ್ನರಾಶಿಯಲ್ಲಿ ದಾರಿ ತಪ್ಪಿದಾಗ ನಾನು ಮಾಡುವ ಕೆಲಸ ಒಂದೇ. ಅದೇ ಆಕಾರದ ಲೆಕ್ಕವನ್ನು ಪೂರ್ಣ ಸಂಖ್ಯೆಗಳಲ್ಲಿ ಕೊಡುತ್ತೇನೆ. ಸಂಖ್ಯೆಗಳು ಸುಲಭವಾದರೆ ಲೆಕ್ಕದ ಮೈಕಟ್ಟು ಕಾಣುತ್ತದೆ. ಹಾಳೆಯ ಮೇಲೆ ಬರೆದೆ:

12 ÷ □ = 3

"ನಾಲ್ಕು" ಎಂದಳು. ಒಂದು ಕ್ಷಣವೂ ತಡವಿಲ್ಲ.

"ಹೇಗೆ ಬಂತು?"

"ನಾಲ್ಕು ಮೂರಲ ಹನ್ನೆರಡು."

"ಸರಿ. ಈಗ ನಿನ್ನ ಪುಸ್ತಕದ ಅಂಚಿನಲ್ಲಿರುವ ಸಾಲಿನ ಪ್ರಕಾರ ಮಾಡು."

ಅವಳು 12ನ್ನು 3ರಿಂದ ಗುಣಿಸಿದಳು. 36. "ಇದು ಆಗಲ್ಲ ಮಿಸ್" ಎಂದಳು. ತಾಳೆ ನೋಡು ಎಂದೆ. 12ನ್ನು 36ರಿಂದ ಭಾಗಿಸಿದರೆ 1/3. ಬರಬೇಕಿದ್ದದ್ದು 3. ಮತ್ತೆ ತಲೆಕೆಳಗು! ಈ ಸಲ ಅವಳ ಕಣ್ಣು ಅರಳಿತು. ಭಿನ್ನರಾಶಿಯಲ್ಲಿ ಆದದ್ದೇ ಇಲ್ಲೂ ಆಯಿತು. ಹಾಗಾದರೆ ತೊಂದರೆ ಇರುವುದು ಭಿನ್ನರಾಶಿಯಲ್ಲಿ ಅಲ್ಲ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಹೊರಗಿನಿಂದ ನೋಡಿದವರು "ಇವಳಿಗೆ ಭಿನ್ನರಾಶಿ ಕಷ್ಟ" ಎನ್ನುತ್ತಿದ್ದರು. ಇನ್ನೂ ಇಪ್ಪತ್ತು ಭಿನ್ನರಾಶಿ ಲೆಕ್ಕ ಮಾಡಿಸುತ್ತಿದ್ದರು. ಅವಳ ಕಷ್ಟ ಭಾಗಾಕಾರದ ರಚನೆಯಲ್ಲಿತ್ತು. ಪೂರ್ಣ ಸಂಖ್ಯೆಗಳಲ್ಲಿ ಆ ಕಷ್ಟ ಕಾಣುವುದಿಲ್ಲ. ಮಗ್ಗಿ ಅದನ್ನು ಮುಚ್ಚಿಬಿಡುತ್ತದೆ. 12 ÷ □ = 3 ಎಂದಾಗ ಯಾರೂ ನಿಯಮ ಹುಡುಕುವುದಿಲ್ಲ, ಉತ್ತರ ತಾನಾಗಿ ನಾಲಿಗೆಗೆ ಬರುತ್ತದೆ. 3/4ಕ್ಕೆ ಮಗ್ಗಿ ಇಲ್ಲ. ಅಲ್ಲಿ ನಿಯಮದ ಕೈ ಹಿಡಿಯಲೇಬೇಕು. ಹಿಡಿದ ನಿಯಮ ಅರ್ಧ ಮಾತ್ರ ಅರ್ಥವಾಗಿದ್ದರೆ ಅಲ್ಲೇ ಎಡವುತ್ತಾರೆ.

ಹಾಗಾದರೆ ಆ ಸಾಲು ಸುಳ್ಳೇ? "÷ ಆ ಕಡೆ ಹೋದರೆ ×" ಎಂಬುದು ತಪ್ಪೇ? ಅವಳೂ ಇದನ್ನೇ ಕೇಳಿದಳು. ಸ್ವಲ್ಪ ಯೋಚಿಸಿ, ಅದೇ ಹಾಳೆಯಲ್ಲಿ ಒಂದರ ಕೆಳಗೆ ಒಂದು ಬರೆದೆ:

□ ÷ 2/3 = 9/10
3/4 ÷ □ = 5/8

"÷ ಚಿಹ್ನೆ ಯಾರ ತಲೆಯ ಮುಂದೆ ನಿಂತಿದೆ, ಅದಕ್ಕೆ ಸುತ್ತು ಹಾಕು" ಎಂದೆ. ಮೊದಲನೆಯದರಲ್ಲಿ 2/3ಕ್ಕೆ ಸುತ್ತು ಹಾಕಿದಳು. ಎರಡನೆಯದರಲ್ಲಿ ಬಾಕ್ಸಿಗೆ.

"ಈಗ ಆ ಕಡೆ ಹೋಗಬೇಕಾದವರು ಯಾರು?"

ಅವಳು ತುಂಬ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಆಮೇಲೆ ನಿಧಾನವಾಗಿ, "ಬಾಕ್ಸೇ ಹೋಗಬೇಕು" ಎಂದಳು. ತಾನೇ ಬರೆದಳು:

3/4 = 5/8 × □

ಅಂಚಿನ ಸಾಲು ಸುಳ್ಳಲ್ಲ. ಭಾಗಿಸುತ್ತಿರುವ ಸಂಖ್ಯೆ ಆ ಕಡೆ ಹೋದರೆ ಗುಣಿಸುತ್ತದೆ, ನಿಜ. ಮೊದಲ ನಾಲ್ಕು ಲೆಕ್ಕಗಳಲ್ಲಿ ಭಾಗಿಸುತ್ತಿದ್ದದ್ದು ಗೊತ್ತಿರುವ ಸಂಖ್ಯೆ. ಐದನೆಯದರಲ್ಲಿ ಭಾಗಿಸುತ್ತಿದ್ದದ್ದು ಬಾಕ್ಸೇ. ಅವಳು ಮಾತ್ರ ಬಾಕ್ಸನ್ನು ಅಲ್ಲೇ ಬಿಟ್ಟು 3/4ನ್ನು ಎತ್ತಿಕೊಂಡು ಹೋಗಿದ್ದಳು. 3/4ರ ಮೇಲೆ ಭಾಗಾಕಾರದ ಚಿಹ್ನೆಯೇ ಇರಲಿಲ್ಲ. ಅದು ಭಾಗವಾಗುವ ಸಂಖ್ಯೆ, ಭಾಗಿಸುವ ಸಂಖ್ಯೆ ಅಲ್ಲ. ಪಾಠದಲ್ಲಿ ಇವನ್ನು ಭಾಜ್ಯ, ಭಾಜಕ ಎಂದು ಹೇಳಿಕೊಡುತ್ತೇವೆ. ಮಕ್ಕಳು ಹೆಸರು ಬಾಯಿಪಾಠ ಮಾಡುತ್ತಾರೆ. ಆದರೆ ಒಂದಕ್ಕೆ ಏಟು ಬೀಳುತ್ತಿದೆ, ಇನ್ನೊಂದು ಏಟು ಹಾಕುತ್ತಿದೆ ಎಂಬ ವ್ಯತ್ಯಾಸ ಮನಸ್ಸಿಗೆ ಇಳಿದಿರುವುದಿಲ್ಲ.

ಚಿಹ್ನೆಯೂ ಇದಕ್ಕೆ ಸಹಾಯ ಮಾಡುವುದಿಲ್ಲ ಅನ್ನಿಸುತ್ತದೆ. ÷ ಎಂಬುದನ್ನು ಭಾಗಾಕಾರಕ್ಕಾಗಿ ಅಚ್ಚಿನಲ್ಲಿ ಬಳಸಿದವರು ಸ್ವಿಟ್ಜರ್ಲೆಂಡಿನ ಯೋಹಾನ್ ರಾನ್, 1659ರಲ್ಲಿ. ಅದರ ಎಡಬಲ ಎರಡೂ ಒಂದೇ ಥರ ಕಾಣುತ್ತವೆ. + ಮತ್ತು × ಕೂಡ ಹಾಗೆಯೇ ಕಾಣುತ್ತವೆ. ಅವುಗಳ ಕೆಲಸವೂ ಎರಡು ಕಡೆಗೆ ಒಂದೇ: 3 × 5 ಅಂದರೂ 5 × 3 ಅಂದರೂ 15. ÷ ಹಾಗಲ್ಲ. ಎಡದ ಮನೆಯ ಕೆಲಸ ಬೇರೆ, ಬಲದ ಮನೆಯದು ಬೇರೆ. ಕಳೆಯುವ ಲೆಕ್ಕದಲ್ಲೂ ಹೀಗೇ. ಅವಳಿಗೆ 10 − □ = 4 ಕೊಟ್ಟೆ. 6 ಎಂದಳು. "− ಆ ಕಡೆ ಹೋದರೆ + ಅಂತ ನೀನು 14 ಹೇಳಲಿಲ್ಲವಲ್ಲ?" ಎಂದೆ. "ಇಲ್ಲಿ ಮೈನಸ್ ಇರೋದು ಬಾಕ್ಸಿಗೆ" ಎಂದಳು. ಅವಳ ಬಾಯಲ್ಲೇ ಬಂತು. ಅಲ್ಲಿಗೆ ಆ ಭಾಗ ಮುಗಿಯಿತು.

ಉಳಿದದ್ದು ಬೇಗ ಆಯಿತು. 3/4 = 5/8 × □ ಎಂದಾದ ಮೇಲೆ 5/8 ಗುಣಿಸುತ್ತಿದೆ. ಅದು ಆಚೆ ಹೋದರೆ ಭಾಗಿಸುತ್ತದೆ.

□ = 3/4 ÷ 5/8 = 3/4 × 8/5 = 24/20 = 6/5

ತಾಳೆ: 3/4 ÷ 6/5 = 3/4 × 5/6 = 15/24 = 5/8. ಸರಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳ ಮುಖದಲ್ಲಿ ಇನ್ನೂ ಒಂದು ಅನುಮಾನ ಇತ್ತು. "ಮಿಸ್, 6/5 ಅಂದ್ರೆ ಒಂದಕ್ಕಿಂತ ಜಾಸ್ತಿ. ಮುಕ್ಕಾಲನ್ನು ಅದಕ್ಕಿಂತ ದೊಡ್ಡದರಿಂದ ಹೇಗೆ ಭಾಗಿಸೋದು?" ಈ ಪ್ರಶ್ನೆಗೆ ಸಂಖ್ಯೆಗಳಲ್ಲಿ ಉತ್ತರ ಕೊಟ್ಟರೆ ಸಾಲದು. ಕಣ್ಣಿಗೆ ಕಾಣಬೇಕು.

ಒಂದು ದಾರವನ್ನು ಮುಕ್ಕಾಲು ಮೀಟರ್, ಅಂದರೆ 75 ಸೆಂ.ಮೀ. ಉದ್ದಕ್ಕೆ ಕತ್ತರಿಸಿದೆವು. "ಒಂದು ಕೋಲು ಇದೆ ಅಂದುಕೋ. ಅದರಿಂದ ಈ ದಾರವನ್ನು ಅಳೆದೆ. ದಾರ ಆ ಕೋಲಿನ 5/8 ಭಾಗದಷ್ಟು ಬಂತು. ಕೋಲು ಎಷ್ಟು ಉದ್ದ?" 3/4 ÷ □ = 5/8 ಕೇಳುತ್ತಿರುವುದೂ ಇದನ್ನೇ. ಒಂದನ್ನು ಇನ್ನೊಂದರಿಂದ ಅಳೆದಾಗ ಎಷ್ಟು ಸಲ ಹಿಡಿಯುತ್ತದೆ ಎಂಬುದೇ ಭಾಗಾಕಾರ. ಇಲ್ಲಿ ಅಳೆಯುವ ಕೋಲು ಕಾಣೆಯಾಗಿದೆ.

ಕೇಳಿದ ಕೂಡಲೇ ಅವಳು ಹೇಳಿದ ಮೊದಲ ಮಾತು: "ಕೋಲು ದಾರಕ್ಕಿಂತ ಉದ್ದ ಇರಬೇಕು." ಲೆಕ್ಕವೇ ಇಲ್ಲದೆ ಬಂದ ಮಾತು ಅದು. ಕೋಲಿನ ಒಂದು ಭಾಗದಷ್ಟು ಮಾತ್ರ ದಾರ ಇದೆ ಅಂದಮೇಲೆ ಕೋಲು ದೊಡ್ಡದೇ ಇರಬೇಕಲ್ಲ. ಅವಳ ಮೊದಲ ಉತ್ತರ 15/32 ಮೀಟರ್. ಅಂದರೆ 47 ಸೆಂ.ಮೀ.ಗೂ ಒಂದು ಕೂದಲು ಕಡಿಮೆ. 75 ಸೆಂ.ಮೀ. ದಾರ ಅದರೊಳಗೆ ಹಿಡಿಯುವುದೇ ಇಲ್ಲ. ಈ ಒಂದು ನೋಟ ಇದ್ದಿದ್ದರೆ ಆ ಉತ್ತರವನ್ನು ಅವಳು ಬರೆಯುತ್ತಲೇ ಇರಲಿಲ್ಲ.

ಆಮೇಲೆ ದಾರವನ್ನು ಐದು ಸಮ ಭಾಗ ಮಾಡಿದೆವು. ಒಂದೊಂದೂ 15 ಸೆಂ.ಮೀ. ದಾರ ಅಂದರೆ ಕೋಲಿನ ಎಂಟು ಭಾಗಗಳಲ್ಲಿ ಐದು. ಕೋಲಿಗೆ ಅಂಥ ಎಂಟು ಬೇಕು. ಎಂಟು ಹದಿನೈದಲ ನೂರಾ ಇಪ್ಪತ್ತು. 120 ಸೆಂ.ಮೀ., ಅಂದರೆ 6/5 ಮೀಟರ್. ಸಂಖ್ಯೆಗಳ ದಾರಿಯಲ್ಲಿ ಬಂದ ಉತ್ತರವೇ ದಾರದ ದಾರಿಯಲ್ಲೂ ಬಂತು. ಜೊತೆಗೆ ಇನ್ನೊಂದು ಸಿಕ್ಕಿತು. ಐದರಿಂದ ಭಾಗಿಸಿದೆವು, ಎಂಟರಿಂದ ಗುಣಿಸಿದೆವು. "ತಿರುಗಿಸಿ ಗುಣಿಸು" ಎಂದು ಬಾಯಿಪಾಠ ಮಾಡಿಸುತ್ತೇವಲ್ಲ, ಅದರಲ್ಲಿ 8 ಮೇಲಕ್ಕೆ, 5 ಕೆಳಕ್ಕೆ ಹೋಗುವುದು ಇದಕ್ಕೇ. ಐದು ಚೂರಿನಿಂದ ಒಂದು ಚೂರಿಗೆ ಇಳಿದು, ಅಲ್ಲಿಂದ ಎಂಟು ಚೂರಿಗೆ ಏರುವುದು. ಅವಳು ದಾರವನ್ನು ಬೆರಳಿಗೆ ಸುತ್ತಿಕೊಂಡು ಇದನ್ನು ಎರಡು ಸಲ ತನಗೆ ತಾನೇ ಹೇಳಿಕೊಂಡಳು.

ಆ ನಿಯಮ ಹಳೆಯದು. ಭಾಜಕದ ಅಂಶ ಮತ್ತು ಛೇದವನ್ನು ಅದಲುಬದಲು ಮಾಡಿ ಗುಣಿಸಬೇಕು ಎಂದು 628ರಲ್ಲಿ ಬ್ರಹ್ಮಗುಪ್ತರು ಹೇಳಿದ್ದಾರೆ. ಒಂಬತ್ತನೇ ಶತಮಾನದಲ್ಲಿ ಮಹಾವೀರಾಚಾರ್ಯರೂ ಹೇಳಿದ್ದಾರೆ. ನಿಯಮ ಇಷ್ಟು ಹಳೆಯದಾದರೂ ಅದರ ಹಿಂದಿನ ಚಿತ್ರ ದೊಡ್ಡವರಿಗೂ ಸುಲಭವಾಗಿ ಸಿಗುವುದಿಲ್ಲ. 1999ರಲ್ಲಿ ಪ್ರಕಟವಾದ ಲಿಪಿಂಗ್ ಮಾ ಅವರ ಅಧ್ಯಯನದಲ್ಲಿ ಶಿಕ್ಷಕರಿಗೆ ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೊಂದು ಕಥೆ ಕಟ್ಟಲು ಕೇಳಿದ್ದರು. ಅಮೆರಿಕದ 23 ಶಿಕ್ಷಕರಲ್ಲಿ 21 ಮಂದಿ ಲೆಕ್ಕ ಮಾಡಲು ಹೊರಟರು, ಪೂರ್ತಿ ಸರಿ ಉತ್ತರ ಮುಟ್ಟಿದವರು 9 ಮಂದಿ. ಕಥೆಯ ವಿಷಯಕ್ಕೆ ಬಂದರೆ, ಅರ್ಧದಿಂದ ಭಾಗಿಸುವ ಬದಲು ಎರಡರಿಂದ ಭಾಗಿಸುವ ಕಥೆ ಹೇಳಿದವರು ಹಲವರು. ಇದನ್ನು ನೆನೆದಾಗಲೆಲ್ಲ ಮಕ್ಕಳ ಮೇಲೆ ನನಗೆ ತಾಳ್ಮೆ ಜಾಸ್ತಿಯಾಗುತ್ತದೆ. ಭಾಗಿಸುವ ಸಂಖ್ಯೆ ಕಣ್ಣೆದುರು ಇದ್ದಾಗಲೇ ಹೀಗಾದರೆ, ಅದೇ ಕಾಣೆಯಾದಾಗ ಹನ್ನೆರಡರ ಹುಡುಗಿ ತಡವರಿಸುವುದು ಸಹಜ ತಾನೇ?

ಇನ್ನೊಂದು ಹಳೆಯ ಮಾತೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೊನೆಯಿಂದ ಹಿಂದಕ್ಕೆ ನಡೆದು ಗೊತ್ತಿಲ್ಲದ ಸಂಖ್ಯೆ ಹುಡುಕುವ ಕ್ರಮವನ್ನು 499ರಲ್ಲಿ ಆರ್ಯಭಟರು ಹೇಳಿದ್ದಾರೆ. ಹಿಂದಕ್ಕೆ ನಡೆಯುವಾಗ ಗುಣಾಕಾರ ಭಾಗಾಕಾರವಾಗುತ್ತದೆ, ಭಾಗಾಕಾರ ಗುಣಾಕಾರವಾಗುತ್ತದೆ, ಕೂಡಿದ್ದು ಕಳೆಯುವುದಾಗುತ್ತದೆ, ಕಳೆದದ್ದು ಕೂಡುವುದಾಗುತ್ತದೆ. ಹುಡುಗಿಯ ಅಂಚಿನ ಸಾಲು ಇದರದ್ದೇ ತುಣುಕು. ಆದರೆ ಈ ಕ್ರಮಕ್ಕೆ ಒಂದು ಷರತ್ತು ಇದೆ. ಗೊತ್ತಿಲ್ಲದ ಸಂಖ್ಯೆಯಿಂದ ಹೊರಟು, ಅದರ ಮೇಲೆ ಒಂದೊಂದೇ ಕೆಲಸ ಮಾಡುತ್ತಾ ಕೊನೆಗೆ ಬಂದಿರಬೇಕು. ಆಗ ಮಾತ್ರ ಅದೇ ದಾರಿಯಲ್ಲಿ ಹಿಂದಿರುಗಬಹುದು. □ ÷ 2/3ರಲ್ಲಿ ಹೊರಟದ್ದು ಬಾಕ್ಸಿನಿಂದ. 3/4 ÷ □ರಲ್ಲಿ ಹೊರಟದ್ದು 3/4ರಿಂದ, ಬಾಕ್ಸು ದಾರಿಯ ಮಧ್ಯೆ ಬಂದ ಕೆಲಸ. ಹಿಂದಕ್ಕೆ ನಡೆದರೆ ಸಿಗುವುದು 3/4, ಅದು ಮೊದಲೇ ಗೊತ್ತಿದೆ.

ಇನ್ನು ಆ ತಲೆಕೆಳಗಿನ 8/5. ಅದು ಏಕೆ ಬಂತು ಎಂದು ಅವಳು ಬಿಡದೆ ಕೇಳಿದಳು. ಅವಳು ಬಾಕ್ಸಿನಲ್ಲಿ ಇಟ್ಟದ್ದು 3/4 × 5/8. ತಾಳೆ ನೋಡುವಾಗ 3/4ನ್ನು ಇದರಿಂದ ಭಾಗಿಸಿದಳು. ಮೇಲೊಂದು 3/4, ಕೆಳಗೊಂದು 3/4. ಎರಡೂ ಹೊಡೆದು ಹೋದರೆ ಉಳಿಯುವುದು 1 ÷ 5/8, ಅಂದರೆ 8/5. ಯಾವ ಸಂಖ್ಯೆ ತೆಗೆದುಕೊಂಡರೂ ಹೀಗೇ ಆಗುತ್ತದೆ. ಭಾಗಿಸಬೇಕಾದಲ್ಲಿ ಗುಣಿಸಿದ್ದರೆ, ತಾಳೆ ನೋಡಿದಾಗ ಬರಬೇಕಾದ ಸಂಖ್ಯೆ ತಲೆಕೆಳಗಾಗಿ ಬರುತ್ತದೆ. ಅವಳ ಎರಡನೇ ಊಹೆ ಏಕೆ ಕೆಡ್ತು ಎಂಬುದೂ ಇದರಲ್ಲೇ ಇದೆ. ಅವಳು ಇಡೀ ಉತ್ತರವನ್ನು ತಿರುಗಿಸಿದ್ದಳು, ಅದರೊಳಗಿನ 3/4 ಸಮೇತ. ತಿರುಗಬೇಕಿದ್ದದ್ದು 5/8 ಮಾತ್ರ. 3/4 ಹಾಗೇ ಇರಬೇಕಿತ್ತು: 3/4 × 8/5. ಸರಿ ಉತ್ತರದಿಂದ ಅವಳು ದೂರ ಹೋಗಿರಲೇ ಇಲ್ಲ.

ಈ ಗುರುತು ಬಹಳ ಉಪಯೋಗಕ್ಕೆ ಬರುತ್ತದೆ. ಮಗು ತಾಳೆ ನೋಡಿದಾಗ ತಲೆಕೆಳಗಿನ ಉತ್ತರ ಕಂಡರೆ, ತಪ್ಪು ಎಣಿಕೆಯಲ್ಲಿ ಇಲ್ಲ, ಬಾಕ್ಸಿನ ಜಾಗ ಗಮನಿಸಿಲ್ಲ ಎಂದು ಸುಮಾರಾಗಿ ಹೇಳಬಹುದು.

ಎರಡು ವಾರ ಬಿಟ್ಟು ಲೆಕ್ಕಗಳನ್ನು ಕಲಸಿ ಕೊಟ್ಟೆ. ಬಾಕ್ಸು ಒಮ್ಮೆ ಮೊದಲು, ಒಮ್ಮೆ ನಡುವೆ. □ ÷ 3/8 = 4/9ಕ್ಕೆ 1/6 ಬರೆದಳು. 2/5 ÷ □ = 4/7ಕ್ಕೆ 7/10 ಬರೆದಳು. ಎರಡೂ ಸರಿ. ಎರಡನೆಯದಕ್ಕೆ ಮೊದಲು ಹಾಳೆಯ ಪಕ್ಕದಲ್ಲಿ ಸಣ್ಣದಾಗಿ 12 ÷ □ = 3 ಎಂದು ಬರೆದುಕೊಂಡಿದ್ದಳು. ಅದು ಅವಳೇ ಕಂಡುಕೊಂಡ ಊರುಗೋಲು. ಒರೆಸು ಎನ್ನಲಿಲ್ಲ. ಅಂಚಿನ ಹಳೆಯ ಸಾಲೂ ಬದಲಾಗಿತ್ತು: "÷ ಯಾರಿಗಿದೆಯೋ ಅವರು ಆ ಕಡೆ ಹೋದರೆ ×".

ಒಂದು ಲೆಕ್ಕದಲ್ಲಿ ಮಾತ್ರ ಹಿಂಜರಿದಳು. ಎರಡೂಕಾಲು ÷ □ = ಒಂದೂವರೆ. 9/4ನ್ನು 3/2ರಿಂದ ಭಾಗಿಸಿದಳು, 3/2 ಬಂತು. ಹೊಡೆದು ಹಾಕಿದಳು. ಮತ್ತೆ ಮಾಡಿದಳು, ಮತ್ತೆ 3/2. "ಮಿಸ್, ಬಾಕ್ಸಿನಲ್ಲೂ ಒಂದೂವರೆ, ಉತ್ತರವೂ ಒಂದೂವರೆ. ಏನೋ ತಪ್ಪಾಗಿದೆ." 9 ÷ □ = 3 ಎಷ್ಟು ಎಂದು ಕೇಳಿದೆ. ನಕ್ಕು, ಹೊಡೆದು ಹಾಕಿದ್ದನ್ನು ಮತ್ತೆ ಬರೆದಳು.

ಕೊನೆಗೆ, ನೀನೇ ಒಂದು ಲೆಕ್ಕ ಮಾಡಿ ನನಗೆ ಕೊಡು ಎಂದೆ. ಅವಳು ಯೋಚಿಸಿ ಬರೆದಳು:

3/4 ÷ □ = 0

"ಇದನ್ನು ನೀವು ಮಾಡಿ ಮಿಸ್" ಎಂದಳು. ಮೊದಲು ನೀನು ಮಾಡು ಎಂದೆ. ಬಾಕ್ಸನ್ನು ಆ ಕಡೆಗೆ ಕಳಿಸಿದಳು: 3/4 = 0 × □. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ, ಮುಕ್ಕಾಲು ಎಲ್ಲಿಂದ ಬರಬೇಕು? ಆ ದಾರದ ತುಂಡು ಇನ್ನೂ ಅವಳ ಪೆನ್ಸಿಲ್ ಡಬ್ಬಿಯಲ್ಲಿತ್ತು. ತೆಗೆದು ಮೇಜಿನ ಮೇಲೆ ಎಳೆದು ನೋಡಿದಳು. "ಕೋಲು ಎಷ್ಟು ಉದ್ದ ಇದ್ದರೂ ದಾರ ಅದರಲ್ಲಿ ಚೂರಾದರೂ ಇರುತ್ತೆ. ಸೊನ್ನೆ ಆಗೋದೇ ಇಲ್ಲ" ಎಂದು ಹೇಳಿ, ಬಾಕ್ಸನ್ನು ಖಾಲಿ ಬಿಟ್ಟು, ಕೆಳಗೆ ಎರಡು ಗೆರೆ ಎಳೆದಳು.